ಜಾವಾ ತರಬೇತಿ: ನೋಡಿ ಟೈಪ್ ಮಾಡಿದರೆ ಕಲಿತಂತಲ್ಲ

ಮಾನ್ಯ ಸಂಪಾದಕರೇ,

ಜಾವಾ ಬಳಸಿ ದೊಡ್ಡ ಸಂಸ್ಥೆಗಳ ವೆಬ್ ಅಪ್ಲಿಕೇಶನ್ ಕಟ್ಟುವುದನ್ನು ಕಲಿಸುತ್ತೇವೆ ಎನ್ನುವ ಕೋರ್ಸುಗಳ ಜಾಹೀರಾತಿನಲ್ಲಿ ‘ಪ್ರಾಯೋಗಿಕ ತರಬೇತಿ’ ಎಂಬ ಮಾತು ಇದ್ದೇ ಇರುತ್ತದೆ. ಒಳಹೊಕ್ಕು ನೋಡಿದರೆ ಎಷ್ಟೋ ಕಡೆ ನಡೆಯುವುದು ಇಷ್ಟೇ: ತರಬೇತುದಾರರು ಪ್ರೊಜೆಕ್ಟರಿನಲ್ಲಿ ಕೋಡ್ ಬರೆಯುತ್ತಾರೆ, ಎದುರಿಗೆ ಕೂತವರು ಅಕ್ಷರ ಬಿಡದೆ ಟೈಪ್ ಮಾಡಿಕೊಳ್ಳುತ್ತಾರೆ, ಬ್ರೌಸರಿನಲ್ಲಿ ಪುಟ ತೆರೆದುಕೊಳ್ಳುತ್ತದೆ, ಪಾಠ ಮುಂದಕ್ಕೆ ಹೋಗುತ್ತದೆ. ಮೊದಲು ಬಾಯಿಪಾಠವಾಗುತ್ತಿದ್ದದ್ದು ಈಗ ಬೆರಳಿನ ಗಿಣಿಪಾಠವಾಗಿದೆ. ನಿಜವಾದ ಪ್ರಾಯೋಗಿಕ ತರಬೇತಿಯಲ್ಲಿ ಏನೇನು ಇರಬೇಕು ಎಂಬುದನ್ನು ಕಲಿಯುವವರಿಗೂ ಕಲಿಸುವವರಿಗೂ ಉಪಯೋಗಕ್ಕೆ ಬರುವಷ್ಟು ವಿವರವಾಗಿ ಇಲ್ಲಿ ಬರೆಯುತ್ತಿದ್ದೇವೆ. ಪತ್ರ ದೀರ್ಘವಾಗಿದೆ, ದಯವಿಟ್ಟು ಸ್ಥಳಾವಕಾಶ ಕೊಡಬೇಕು.

ಒಬ್ಬರೇ ಕೂತು ಒಂದೇ ಬ್ರೌಸರಿನಲ್ಲಿ ನೋಡಿದಾಗ ಅಪ್ಲಿಕೇಶನ್ ಸರಿಯಾಗಿ ನಡೆಯುವುದು ದೊಡ್ಡ ವಿಷಯವೇನಲ್ಲ. ಅದನ್ನೇ ಏಕಕಾಲಕ್ಕೆ ಐನೂರು ಜನ ಬಳಸಿದಾಗ, ಕೆಲಸ ಅರ್ಧ ಆದ ಮೇಲೆ ಎಕ್ಸೆಪ್ಷನ್ (ಓಡುತ್ತಿರುವ ಕೋಡನ್ನು ತಡೆಯುವ ದೋಷ) ಬಂದಾಗ, ಡೇಟಾಬೇಸ್ ಹತ್ತು ಸೆಕೆಂಡು ಉತ್ತರಿಸದೆ ಕೂತಾಗ, ಮೂರು ವರ್ಷ ಕಳೆದು ಬೇರೊಬ್ಬರು ಆ ಕೋಡ್ ತಿದ್ದಬೇಕಾದಾಗ ಏನಾಗುತ್ತದೆ ಎಂಬುದರಲ್ಲಿ ಈ ವಿದ್ಯೆಯ ತಿರುಳಿದೆ. ಹಾಗಾಗಿ ಪ್ರತಿ ಅಭ್ಯಾಸಕ್ಕೂ ಎರಡು ಹಂತ ಬೇಕು. ಮೊದಲು ಕಟ್ಟಿಸಬೇಕು. ಆಮೇಲೆ ಬೇಕೆಂದೇ ಕೆಡಿಸಿ, ಕಾರಣ ಹುಡುಕಿಸಿ, ಸರಿಪಡಿಸಬೇಕು. ಸಮಯದ ದೊಡ್ಡ ಪಾಲು ಎರಡನೆಯದಕ್ಕೆ ಸಲ್ಲಬೇಕು.

ಮೊದಲ ದಿನ ಜೆಡಿಕೆ (ಜಾವಾ ಬರೆದು ಓಡಿಸುವ ಉಪಕರಣಗಳ ಕಟ್ಟು), ಮೇವನ್ (ಲೈಬ್ರರಿಗಳನ್ನು ತರಿಸಿ ಅಪ್ಲಿಕೇಶನ್ ಕಟ್ಟುವ ಉಪಕರಣ), ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಉಪಕರಣ), ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯುಎಲ್ ಡೇಟಾಬೇಸ್ ಇವನ್ನು ಕಲಿಯುವವರೇ ತಮ್ಮ ಕಂಪ್ಯೂಟರಿಗೆ ಹಾಕಿಕೊಳ್ಳಲಿ. ಎಲ್ಲ ಹಾಕಿಟ್ಟ ಯಂತ್ರ ಕೊಟ್ಟರೆ ಒಂದು ದಿನ ಉಳಿಯುತ್ತದೆ ನಿಜ, ಆವೃತ್ತಿಗಳ ತಕರಾರು ಮಾತ್ರ ಯಾರ ಅರಿವಿಗೂ ಬರುವುದಿಲ್ಲ. ಜಾವಾ 21ಕ್ಕೆಂದು ಕಂಪೈಲ್ ಮಾಡಿದ್ದನ್ನು (ಓಡಿಸಬಹುದಾದ ಕ್ಲಾಸ್ ಫೈಲಾಗಿ ಬದಲಿಸಿದ್ದನ್ನು) ಜಾವಾ 17ರಲ್ಲಿ ಓಡಿಸಿ ನೋಡಲಿ. ‘ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್’ ಎಂಬ ದೋಷದ ಜೊತೆ 65.0 ಮತ್ತು 61.0 ಎಂಬ ಅಂಕಿಗಳು ಕಾಣುತ್ತವೆ. 65 ಜಾವಾ 21ರ ಕ್ಲಾಸ್ ಫೈಲಿನ ಗುರುತು, 61 ಜಾವಾ 17ರದು. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಸರ್ವರಿನಲ್ಲಿ ಇದೇ ಸಂದೇಶ ಬಂದಾಗ ಗಾಬರಿಯಾಗದೆ ನೇರವಾಗಿ ಜೆಡಿಕೆ ಆವೃತ್ತಿ ಪರೀಕ್ಷಿಸುತ್ತಾರೆ.

ಇದಕ್ಕಿಂತ ಹೆಚ್ಚು ದಿನ ತಿನ್ನುವುದು ಜಕಾರ್ತಾ ಬದಲಾವಣೆ. 1999ರಲ್ಲಿ ಜೆ2ಇಇ (ದೊಡ್ಡ ಸಂಸ್ಥೆಗಳ ಅಪ್ಲಿಕೇಶನ್‌ಗಳಿಗೆಂದು ಮಾಡಿದ ಜಾವಾ ಮಾನದಂಡಗಳ ಕಟ್ಟು) ಎಂದು ಬಂದು, ಮುಂದೆ ಜಾವಾ ಇಇ ಆದದ್ದನ್ನು 2017ರಲ್ಲಿ ಒರಾಕಲ್ ಕಂಪನಿಯು ಎಕ್ಲಿಪ್ಸ್ ಫೌಂಡೇಶನ್‌ಗೆ ಒಪ್ಪಿಸುವುದಾಗಿ ಪ್ರಕಟಿಸಿತು. ಹೆಸರು ಜಕಾರ್ತಾ ಇಇ ಎಂದಾಯಿತು. 2020ರ ಡಿಸೆಂಬರಿನಲ್ಲಿ ಬಂದ ಜಕಾರ್ತಾ ಇಇ 9ರಲ್ಲಿ ಸರ್ವ್ಲೆಟ್ (ವೆಬ್ ವಿನಂತಿಗೆ ಉತ್ತರಿಸುವ ಜಾವಾ ಕ್ಲಾಸ್), ಜೆಪಿಎ (ಆಬ್ಜೆಕ್ಟುಗಳನ್ನು ಡೇಟಾಬೇಸಿನಲ್ಲಿ ಉಳಿಸುವ ಮಾನದಂಡ) ಮುಂತಾದವುಗಳ ಪ್ಯಾಕೇಜುಗಳೆಲ್ಲ ‘ಜಾವಾಎಕ್ಸ್’ ಬಿಟ್ಟು ‘ಜಕಾರ್ತಾ’ ಎಂದು ಶುರುವಾದವು. ಸರ್ವ್ಲೆಟ್‌ಗಳನ್ನು ಓಡಿಸುವ ಸರ್ವರ್ ಆದ ಟಾಮ್‌ಕ್ಯಾಟ್ 9 ಹಳೆಯ ಹೆಸರಿನದು, ಟಾಮ್‌ಕ್ಯಾಟ್ 10 ಹೊಸ ಹೆಸರಿನದು. 2022ರ ನವೆಂಬರಿನಲ್ಲಿ ಬಂದ ಸ್ಪ್ರಿಂಗ್ ಬೂಟ್ 3 (ಅಪ್ಲಿಕೇಶನ್ ಕಟ್ಟಲು ಬಳಸುವ ಸಿದ್ಧ ಚೌಕಟ್ಟು) ಹೊಸ ಹೆಸರನ್ನೇ ಬಳಸುತ್ತದೆ, ಕನಿಷ್ಠ ಜಾವಾ 17 ಕೇಳುತ್ತದೆ. ಹಳೆಯ ಪಾಠದ ಸರ್ವ್ಲೆಟ್ಟನ್ನು ಟಾಮ್‌ಕ್ಯಾಟ್ 10ಕ್ಕೆ ಹಾಕಿದರೆ ಏನಾಗುತ್ತದೆ? ಅನೋಟೇಶನ್ (ಕೋಡಿಗೆ ಅಂಟಿಸುವ @ ಗುರುತಿನ ಚೀಟಿ) ಮೂಲಕ ವಿಳಾಸ ಕೊಟ್ಟಿದ್ದರೆ ಸಾಮಾನ್ಯವಾಗಿ ಯಾವ ಗಲಾಟೆಯೂ ಇಲ್ಲದೆ ಅಪ್ಲಿಕೇಶನ್ ಏರಿ ಕೂರುತ್ತದೆ, ಪುಟ ಕೇಳಿದರೆ 404, ಅಂದರೆ ‘ಪುಟ ಸಿಗಲಿಲ್ಲ’. ಆ ಅನೋಟೇಶನ್ನನ್ನು ಸರ್ವರ್ ಗುರುತಿಸುವುದೇ ಇಲ್ಲ. ಕಲಿಯುವವರು ವಿಳಾಸದ ಕಾಗುಣಿತವನ್ನು ಮತ್ತೆ ಮತ್ತೆ ತಿದ್ದುತ್ತಾ ಅರ್ಧ ದಿನ ಕಳೆಯುತ್ತಾರೆ. ಬಳಸುವ ಪ್ಯಾಕೇಜುಗಳನ್ನು ಕೋಡಿನ ಮೊದಲಿಗೆ ಹೆಸರಿಸುವ ಇಂಪೋರ್ಟ್ ಸಾಲುಗಳನ್ನು ಓದುವ ಅಭ್ಯಾಸ ಮಾಡಿಸಿದ್ದರೆ ಅದು ಒಂದು ನಿಮಿಷದ ಕೆಲಸ.

ಈಗಿನ ಕೋರ್ಸುಗಳು ಮೊದಲ ಗಂಟೆಯಲ್ಲೇ ಸ್ಪ್ರಿಂಗ್ ಬೂಟಿಗೆ ಜಿಗಿಯುತ್ತವೆ. ನಮ್ಮ ಅಭಿಪ್ರಾಯದಲ್ಲಿ ಅದಕ್ಕೆ ಮೊದಲು ಎರಡು ದಿನ ಬರಿಯ ಸರ್ವ್ಲೆಟ್ ಮತ್ತು ಜೆಡಿಬಿಸಿ (ಜಾವಾದಿಂದ ಡೇಟಾಬೇಸನ್ನು ನೇರವಾಗಿ ಮಾತಾಡಿಸುವ ವಿಧಾನ) ಮಾಡಿಸಲೇಬೇಕು. ಒಂದು ಸರ್ವ್ಲೆಟ್ ಬರೆಸಿ, ಬಂದ ಹೆಸರನ್ನು ಕ್ಲಾಸಿನ ಫೀಲ್ಡ್‌ನಲ್ಲಿ ಇಡಿಸಿ, ಐದು ಸೆಕೆಂಡು ಥ್ರೆಡ್ (ಒಂದು ವಿನಂತಿಯ ಕೆಲಸ ನಡೆಸುವ ಎಳೆ) ಮಲಗಿಸಿ, ಆಮೇಲೆ ಆ ಫೀಲ್ಡನ್ನು ಓದಿ ‘ನಮಸ್ಕಾರ’ದ ಜೊತೆ ಹೆಸರು ಮುದ್ರಿಸಲು ಹೇಳಿ. ಒಂದು ಬ್ರೌಸರಿನಿಂದ ‘ರಾಧಾ’ ಎಂದು ಕಳಿಸಿ, ಎರಡು ಸೆಕೆಂಡಿನಲ್ಲಿ ಇನ್ನೊಂದರಿಂದ ‘ಗೋಪಾಲ’ ಎಂದು ಕಳಿಸಿದರೆ ರಾಧಾಳ ಪರದೆಯಲ್ಲೂ ಗೋಪಾಲನಿಗೇ ನಮಸ್ಕಾರ ಬೀಳುತ್ತದೆ. ಸರ್ವ್ಲೆಟ್ಟಿನದು ಒಂದೇ ಆಬ್ಜೆಕ್ಟ್, ಅದರ ಮೇಲೆ ಓಡುವ ಥ್ರೆಡ್‌ಗಳು ಹಲವು. ಸ್ಪ್ರಿಂಗಿನ ಕಂಟ್ರೋಲರ್, ಸರ್ವಿಸ್ ಬೀನ್‌ಗಳ (ಸ್ಪ್ರಿಂಗ್ ತಾನೇ ಕಟ್ಟಿ ನಿಭಾಯಿಸುವ ಆಬ್ಜೆಕ್ಟುಗಳ) ಕಥೆಯೂ ಇದೇ, ಬೇರೆ ಹೇಳದಿದ್ದರೆ ಅವು ಸಿಂಗಲ್‌ಟನ್, ಅಂದರೆ ಒಂದೊಂದೇ. ಒಬ್ಬರ ಖಾತೆಯ ವಿವರ ಇನ್ನೊಬ್ಬರಿಗೆ ಕಾಣುವಂಥ ದೋಷಗಳಿಗೆ ಇದು ದೊಡ್ಡ ಮೂಲ. ದಿನಾಂಕವನ್ನು ಬರಹಕ್ಕೆ ಇಳಿಸುವ ‘ಸಿಂಪಲ್ ಡೇಟ್ ಫಾರ್ಮ್ಯಾಟ್’ ಆಬ್ಜೆಕ್ಟನ್ನು ಸ್ಟ್ಯಾಟಿಕ್ ಫೀಲ್ಡಿನಲ್ಲಿಟ್ಟು ಎಲ್ಲ ಥ್ರೆಡ್‌ಗಳೂ ಹಂಚಿಕೊಂಡಾಗ ಆಗುವ ಅನಾಹುತವನ್ನೂ ಇದೇ ಹೊತ್ತಿಗೆ ತೋರಿಸಬಹುದು. ಹಂಚಿಕೊಳ್ಳಬಹುದಾದದ್ದು ಜಾವಾ 8ರಲ್ಲಿ ಬಂದ ‘ಡೇಟ್ ಟೈಮ್ ಫಾರ್ಮ್ಯಾಟರ್’.

ಇನ್ನು ಡೇಟಾಬೇಸ್ ಕನೆಕ್ಷನ್. ಸ್ಪ್ರಿಂಗ್ ಬೂಟಿನ ಜೊತೆ ಬರುವ ಹಿಕಾರಿ ಪೂಲಿನಲ್ಲಿ (ತೆರೆದಿಟ್ಟ ಕನೆಕ್ಷನ್‌ಗಳನ್ನು ಹಂಚುವ ಸಂಗ್ರಹದಲ್ಲಿ) ನಾವೇನೂ ಬದಲಿಸದಿದ್ದರೆ ಹೆಚ್ಚೆಂದರೆ 10 ಕನೆಕ್ಷನ್ ಇರುತ್ತವೆ. ಖಾಲಿ ಕನೆಕ್ಷನ್ ಸಿಗದಿದ್ದರೆ ವಿನಂತಿಯು 30 ಸೆಕೆಂಡು ಕಾಯುತ್ತದೆ. ಕನೆಕ್ಷನ್ ಪಡೆದು ಮುಚ್ಚದೇ ಬಿಡುವ ಒಂದು ಪುಟವನ್ನು ಬೇಕೆಂದೇ ಬರೆಸಿ, ಅದನ್ನು ರಿಫ್ರೆಶ್ ಮಾಡುತ್ತಾ ಹೋಗಲು ಹೇಳಿ. ಹತ್ತು ಸಲ ಕ್ಷಣದಲ್ಲಿ ತೆರೆದುಕೊಂಡ ಪುಟ ಹನ್ನೊಂದನೆಯ ಸಲ ಸುತ್ತುತ್ತಲೇ ಇರುತ್ತದೆ, ಸರಿಯಾಗಿ ಅರ್ಧ ನಿಮಿಷಕ್ಕೆ ‘ಕನೆಕ್ಷನ್ ಲಭ್ಯವಿಲ್ಲ’ ಎಂಬರ್ಥದ ದೋಷ ಬರುತ್ತದೆ. ಅದೇ ಹೊತ್ತಿಗೆ ಡೇಟಾಬೇಸ್ ಕಡೆ ತಿರುಗಿ ನೋಡಿದರೆ ಅದು ಕೆಲಸವಿಲ್ಲದೆ ತಣ್ಣಗೆ ಕೂತಿರುತ್ತದೆ. ‘ಡೇಟಾಬೇಸ್ ನಿಧಾನ’ ಎಂಬ ದೂರು ಬಂದಾಗ ಮೊದಲು ಎಲ್ಲಿ ನೋಡಬೇಕು ಎಂಬುದು ಆಗ ಅರ್ಥವಾಗುತ್ತದೆ. ಜೆಸ್ಟ್ಯಾಕ್ ಉಪಕರಣದಿಂದ ಥ್ರೆಡ್ ಡಂಪ್ (ಯಾವ ಥ್ರೆಡ್ ಎಲ್ಲಿ ನಿಂತಿದೆ ಎಂಬ ಪಟ್ಟಿ) ತೆಗೆಸಿದರೆ ಥ್ರೆಡ್‌ಗಳು ಕನೆಕ್ಷನ್ ಕೇಳುವ ಸಾಲಿನಲ್ಲೇ ನಿಂತಿರುವುದು ಕಾಣುತ್ತದೆ. ಪೂಲಿನ ಸೋರಿಕೆ ಪತ್ತೆಯ ಮಿತಿಯನ್ನು ಎರಡು ಸೆಕೆಂಡಿಗೆ ಇಟ್ಟರೆ, ಯಾವ ಸಾಲಿನಲ್ಲಿ ಪಡೆದ ಕನೆಕ್ಷನ್ ವಾಪಸು ಬಂದಿಲ್ಲ ಎಂಬುದು ಲಾಗ್‌ನಲ್ಲಿ ಬೀಳುತ್ತದೆ. ಕೊನೆಗೆ ಜಾವಾ 7ರಿಂದ ಇರುವ, ಕೆಲಸ ಮುಗಿದೊಡನೆ ಕನೆಕ್ಷನ್ನನ್ನು ತಾನಾಗಿ ಮುಚ್ಚುವ ‘ಟ್ರೈ ವಿತ್ ರಿಸೋರ್ಸಸ್’ ಬಳಸಿ ತಿದ್ದಿಸಿ.

ಇದರ ಮುಂದಿನ ಅಭ್ಯಾಸ ಲೆಕ್ಕದ್ದು. ಪ್ರತಿ ವಿನಂತಿ ಕನೆಕ್ಷನ್ನನ್ನು 50 ಮಿಲಿಸೆಕೆಂಡು ಹಿಡಿದುಕೊಂಡರೆ ಹತ್ತು ಕನೆಕ್ಷನ್ ಸೆಕೆಂಡಿಗೆ 200 ವಿನಂತಿ ನಿಭಾಯಿಸಬಲ್ಲವು. ಟ್ರಾನ್ಸಾಕ್ಷನ್ನಿನ (ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಎಂಬ ಡೇಟಾಬೇಸ್ ಕೆಲಸಗಳ ಗುಂಪಿನ) ಒಳಗೆ ಯಾರೋ ಹೊರಗಿನ ಸೇವೆಯೊಂದನ್ನು ಕರೆದು, ಅದು ಉತ್ತರಿಸಲು ಎರಡು ಸೆಕೆಂಡು ತೆಗೆದುಕೊಂಡರೆ ಸೆಕೆಂಡಿಗೆ ಐದೇ ವಿನಂತಿ. ಟಾಮ್‌ಕ್ಯಾಟಿನ 200 ಥ್ರೆಡ್‌ಗಳೂ ಕನೆಕ್ಷನ್ನಿಗೆ ಕಾಯುತ್ತಾ ನಿಂತಾಗ ಡೇಟಾಬೇಸನ್ನು ಮುಟ್ಟದ ಪುಟಗಳೂ ತೆರೆಯುವುದಿಲ್ಲ. ಇಂಥಲ್ಲಿ ಕಲಿಯುವವರು ಥಟ್ಟನೆ ಕೊಡುವ ಪರಿಹಾರ ಪೂಲನ್ನು ನೂರಕ್ಕೆ ಏರಿಸುವುದು. ಏರಿಸಿ ನೋಡಲಿ. ಪೋಸ್ಟ್‌ಗ್ರೆಸ್ ತಾನಾಗಿ ಒಪ್ಪುವ ಒಟ್ಟು ಕನೆಕ್ಷನ್ನೇ 100. ಅಪ್ಲಿಕೇಶನ್ನಿನ ಎರಡನೆಯ ಪ್ರತಿ ಶುರು ಮಾಡುತ್ತಿದ್ದಂತೆ ಅದು ಬಾಗಿಲು ಹಾಕಿಕೊಳ್ಳುತ್ತದೆ. ಹೊರಗಿನ ಕರೆಯನ್ನು ಟ್ರಾನ್ಸಾಕ್ಷನ್ನಿನಿಂದ ಹೊರತೆಗೆದು, ಅದಕ್ಕೆ ಸಮಯಮಿತಿ ಹಾಕುವುದು ಸರಿಯಾದ ದಾರಿ ಎಂದು ಏಕಕಾಲಕ್ಕೆ ಹಲವು ವಿನಂತಿ ಕಳಿಸಿ ಅಳೆಯುವ ಜೆಮೀಟರಿನ ಅಂಕಿಗಳೇ ತೋರಿಸಿಕೊಡುತ್ತವೆ.

ಟ್ರಾನ್ಸಾಕ್ಷನ್ನಿಗೆ ಕನಿಷ್ಠ ಎರಡು ಪೂರ್ತಿ ದಿನ ಮೀಸಲಿಡಬೇಕು ಎನ್ನುವುದು ನಮ್ಮ ಒತ್ತಾಯ. ‘ಟ್ರಾನ್ಸಾಕ್ಷನಲ್’ ಅನೋಟೇಶನ್ ಹಾಕಿಬಿಟ್ಟರೆ ಎಲ್ಲ ಸುರಕ್ಷಿತ ಎಂದು ಕಲಿಸಿ ಕೈತೊಳೆದುಕೊಳ್ಳುವುದರಿಂದ ಆಗುವ ಹಾನಿ ಸಣ್ಣದಲ್ಲ. ಅಭ್ಯಾಸ ಸರಳ: ಒಂದು ಖಾತೆಯಿಂದ 500 ಕಳೆದು ಇನ್ನೊಂದಕ್ಕೆ ಸೇರಿಸುವ ಎರಡು ಅಪ್‌ಡೇಟ್ ಹೇಳಿಕೆಗಳು, ನಡುವೆ ಎಕ್ಸೆಪ್ಷನ್ ಎಸೆಯುವ ಒಂದು ಸಾಲು. ಪ್ರತಿ ಸಲ ಓಡಿಸಿದ ಮೇಲೂ ಅಪ್ಲಿಕೇಶನ್ನಿನ ಪುಟವನ್ನು ನಂಬದೆ ನೇರವಾಗಿ ಡೇಟಾಬೇಸಿನಲ್ಲಿ ಎರಡು ಖಾತೆಗಳ ಮೊತ್ತ ಕೂಡಿ ನೋಡಬೇಕು.

ಮೊದಲ ಪ್ರಯೋಗದಲ್ಲಿ ರನ್‌ಟೈಮ್ ಎಕ್ಸೆಪ್ಷನ್ ಎಸೆಯಲಿ. ಎಲ್ಲ ರೋಲ್‌ಬ್ಯಾಕ್ ಆಗುತ್ತದೆ, ಅಂದರೆ ಮಾಡಿದ್ದೆಲ್ಲ ರದ್ದಾಗುತ್ತದೆ, ಮೊತ್ತ ಸರಿಯಿರುತ್ತದೆ. ಎರಡನೆಯದರಲ್ಲಿ ಅದರ ಬದಲು ಐಒ ಎಕ್ಸೆಪ್ಷನ್‌ನಂಥ ಚೆಕ್ಡ್ ಎಕ್ಸೆಪ್ಷನ್ (ಹಿಡಿಯಲೇಬೇಕು ಅಥವಾ ಘೋಷಿಸಲೇಬೇಕು ಎಂದು ಕಂಪೈಲರ್ ಒತ್ತಾಯಿಸುವಂಥದು) ಎಸೆಯಲಿ. ಈಗ 500 ಮಾಯ! ಸ್ಪ್ರಿಂಗ್ ತಾನಾಗಿ ರೋಲ್‌ಬ್ಯಾಕ್ ಮಾಡುವುದು ರನ್‌ಟೈಮ್ ಎಕ್ಸೆಪ್ಷನ್ ಮತ್ತು ಎರರ್‌ಗಳಿಗೆ ಮಾತ್ರ; ಚೆಕ್ಡ್ ಎಕ್ಸೆಪ್ಷನ್ ಬಂದರೆ ಅದುವರೆಗಿನ ಕೆಲಸವನ್ನು ಕಮಿಟ್ ಮಾಡಿಬಿಡುತ್ತದೆ, ಅಂದರೆ ಕಾಯಂ ಉಳಿಸುತ್ತದೆ. ‘ರೋಲ್‌ಬ್ಯಾಕ್ ಫಾರ್’ ಎಂದು ಸ್ಪಷ್ಟವಾಗಿ ಬರೆದರೆ ಇದು ಸರಿಹೋಗುತ್ತದೆ. ಮೂರನೆಯದರಲ್ಲಿ ಎಕ್ಸೆಪ್ಷನ್ನನ್ನು ಅದೇ ಮೆಥಡ್ಡಿನೊಳಗೆ ಹಿಡಿದು ಲಾಗ್ ಬರೆದು ಸುಮ್ಮನಾಗಲಿ. ಮತ್ತೆ ಹಣ ಮಾಯ, ಈ ಸಲ ಪರದೆಯಲ್ಲಿ ‘ವರ್ಗಾವಣೆ ಯಶಸ್ವಿ’ ಎಂದು ಬೇರೆ ಬಂದಿರುತ್ತದೆ. ನಾಲ್ಕನೆಯ ಪ್ರಯೋಗ ಎಲ್ಲಕ್ಕಿಂತ ಮೋಸದ್ದು: ಅನೋಟೇಶನ್ ಇರುವ ಮೆಥಡ್ಡನ್ನು ಅದೇ ಕ್ಲಾಸಿನ, ಅನೋಟೇಶನ್ ಇಲ್ಲದ ಇನ್ನೊಂದು ಮೆಥಡ್ಡಿನಿಂದ ಕರೆಯುವುದು. ಟ್ರಾನ್ಸಾಕ್ಷನ್ ಶುರುವಾಗುವುದೇ ಇಲ್ಲ. ಸ್ಪ್ರಿಂಗ್ ಆ ಕೆಲಸ ಮಾಡುವುದು ಆಬ್ಜೆಕ್ಟಿನ ಮುಂದೆ ನಿಲ್ಲಿಸಿದ ಪ್ರಾಕ್ಸಿಯ (ಬಂದ ಕರೆಯನ್ನು ಮೊದಲು ತಾನು ಪಡೆಯುವ ಪ್ರತಿನಿಧಿಯ) ಮೂಲಕ. ಒಳಗಿನಿಂದ ಒಳಗೇ ಕರೆದರೆ ಕರೆ ಪ್ರಾಕ್ಸಿಯನ್ನು ಹಾಯುವುದಿಲ್ಲ. ಕೋಡ್ ನೋಡಿದರೆ ಅನೋಟೇಶನ್ ಎದುರಿಗೇ ಇರುತ್ತದೆ, ಹಾಗಾಗಿ ಕೋಡ್ ಓದಿ ಈ ತಪ್ಪು ಹಿಡಿಯುವುದು ಕಷ್ಟ. ಟ್ರಾನ್ಸಾಕ್ಷನ್ನಿನ ಲಾಗನ್ನು ಟ್ರೇಸ್ ಮಟ್ಟಕ್ಕೆ ಇಳಿಸಿ, ಟ್ರಾನ್ಸಾಕ್ಷನ್ ಶುರುವಾದ ಸಾಲು ಬಂದಿದೆಯೋ ಇಲ್ಲವೋ ನೋಡುವುದನ್ನು ಇಲ್ಲೇ ಕಲಿಸಬೇಕು. ಆ ಮೆಥಡ್ಡನ್ನು ಬೇರೆ ಬೀನ್‌ಗೆ ಸಾಗಿಸಿದರೆ ಸಮಸ್ಯೆ ತೀರುತ್ತದೆ.

ಇದರ ಜೊತೆಗೇ ಬರಬೇಕಾದದ್ದು ಇಬ್ಬರು ಒಂದೇ ದಾಖಲೆ ತಿದ್ದುವ ಪ್ರಸಂಗ. ಇಬ್ಬರೂ ಫಾರ್ಮ್ ತೆರೆಯುತ್ತಾರೆ, ಒಬ್ಬರು ಫೋನ್ ಸಂಖ್ಯೆ ಬದಲಿಸಿ ಉಳಿಸುತ್ತಾರೆ, ಇನ್ನೊಬ್ಬರು ವಿಳಾಸ ಬದಲಿಸಿ ಉಳಿಸುತ್ತಾರೆ. ಕೊನೆಗೆ ಉಳಿಯುವುದು ಹಳೆಯ ಫೋನ್ ಸಂಖ್ಯೆ. ಯಾವ ದೋಷಸಂದೇಶವೂ ಬರುವುದಿಲ್ಲ. ಎಂಟಿಟಿಗೆ (ಟೇಬಲ್ಲಿನ ದಾಖಲೆಯನ್ನು ಪ್ರತಿನಿಧಿಸುವ ಕ್ಲಾಸಿಗೆ) ಪ್ರತಿ ಬದಲಾವಣೆಗೂ ಏರುವ ‘ವರ್ಷನ್’ ಕಾಲಂ ಸೇರಿಸಿ, ಫಾರ್ಮಿನ ಜೊತೆ ಆ ಸಂಖ್ಯೆಯನ್ನೂ ಕಳಿಸಿ, ವಾಪಸು ಬಂದಾಗ ಹೋಲಿಸಬೇಕು. ಕಾಲಂ ಸೇರಿಸಿದವರೂ ಫಾರ್ಮಿನಲ್ಲಿ ಅದನ್ನು ಕಳಿಸುವುದು ಮರೆತು, ಪ್ರತಿ ಸಲ ಹೊಸದಾಗಿ ಓದಿ ಉಳಿಸಿ, ಇಡೀ ರಕ್ಷಣೆಯನ್ನು ನಿಷ್ಫಲ ಮಾಡಿಕೊಳ್ಳುವುದುಂಟು.

ಹೈಬರ್ನೇಟ್ (ಜೆಪಿಎಯನ್ನು ನಿಜವಾಗಿ ನಡೆಸುವ ಲೈಬ್ರರಿ) ಕಲಿಸುವಾಗ, ಡೇಟಾಬೇಸಿಗೆ ಹೋಗುವ ಪ್ರಶ್ನೆಗಳನ್ನು ತೋರಿಸುವ ಎಸ್‌ಕ್ಯುಎಲ್ ಲಾಗ್ ಮೊದಲ ನಿಮಿಷದಿಂದ ಚಾಲೂ ಇರಬೇಕು. 100 ಆರ್ಡರುಗಳ ಪಟ್ಟಿ ತೋರಿಸುವ ಪುಟ ಬರೆಸಿ, ಪ್ರತಿ ಆರ್ಡರಿನ ಒಳಗಿನ ವಸ್ತುಗಳನ್ನೂ ಮುದ್ರಿಸಲು ಹೇಳಿದರೆ ಡೇಟಾಬೇಸಿಗೆ 101 ಪ್ರಶ್ನೆ (ಪಟ್ಟಿಗೆ ಒಂದು, ಆರ್ಡರಿಗೊಂದರಂತೆ ನೂರು) ಹೋಗುತ್ತದೆ. ಕಲಿಯುವವರ ಯಂತ್ರದಲ್ಲಿ ಮೂರು ಆರ್ಡರ್ ಇರುವಾಗ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಅಭ್ಯಾಸದ ಡೇಟಾಬೇಸಿನಲ್ಲಿ ಲಕ್ಷ ಸಾಲುಗಳನ್ನಾದರೂ ತುಂಬಿಡಿ. ‘ಜಾಯಿನ್ ಫೆಚ್’ ಬಳಸಿ ಒಂದೇ ಪ್ರಶ್ನೆಗೆ ಇಳಿಸಬಹುದು. ಅದರ ಜೊತೆ ಪುಟವಿಂಗಡಣೆಯನ್ನೂ ಬೆರೆಸಿದರೆ ಹೈಬರ್ನೇಟ್ ಎಲ್ಲ ಸಾಲುಗಳನ್ನೂ ಮೆಮೊರಿಗೆ ತಂದುಕೊಂಡು ಅಲ್ಲಿ ಪುಟ ಕತ್ತರಿಸುತ್ತದೆ, ಲಾಗ್‌ನಲ್ಲಿ ಒಂದು ಎಚ್ಚರಿಕೆಯ ಸಾಲು ಬರೆದು ಸುಮ್ಮನಾಗುತ್ತದೆ. ‘ಮೆನಿ ಟು ಒನ್’ ಸಂಬಂಧ ತಾನಾಗಿ ಈಗರ್ (ಕೂಡಲೇ ತರುವುದು), ‘ಒನ್ ಟು ಮೆನಿ’ ಲೇಜಿ (ಕೇಳಿದಾಗ ತರುವುದು) ಎಂಬುದನ್ನು ಬಾಯಿಪಾಠ ಮಾಡಿಸುವ ಬದಲು ಆ ಲಾಗ್ ಎಣಿಸಿ ಕಂಡುಕೊಳ್ಳಲು ಬಿಡಿ. ಟೇಬಲ್‌ಗಳನ್ನು ಹೈಬರ್ನೇಟೇ ಬದಲಿಸಿಕೊಳ್ಳಲಿ ಎಂಬ ‘ಅಪ್‌ಡೇಟ್’ ಸೆಟ್ಟಿಂಗನ್ನು ಮೊದಲ ವಾರದಲ್ಲೇ ಬಿಡಿಸಿ, ಫ್ಲೈವೇಯಂಥ ಉಪಕರಣದಲ್ಲಿ ಸಂಖ್ಯೆ ಹಾಕಿದ ಎಸ್‌ಕ್ಯುಎಲ್ ಕಡತಗಳನ್ನು ಬರೆಸಬೇಕು. ಫೀಲ್ಡಿನ ಹೆಸರು ಬದಲಿಸಿದರೆ ಆ ಸೆಟ್ಟಿಂಗ್ ಹೊಸ ಕಾಲಂ ಸೇರಿಸುತ್ತದೆ, ಮಾಹಿತಿ ಹಳೆಯದರಲ್ಲೇ ಉಳಿಯುತ್ತದೆ.

ಹಣದ ಲೆಕ್ಕಕ್ಕೆ ದಶಮಾಂಶಗಳನ್ನು ಅಂದಾಜಾಗಿ ಇಡುವ ಡಬಲ್ ಬಳಸಬಾರದು, ನಿಖರವಾಗಿ ಇಡುವ ಬಿಗ್‌ಡೆಸಿಮಲ್ ಬಳಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಬಿಗ್‌ಡೆಸಿಮಲ್‌ನಲ್ಲಿ 2.0 ಮತ್ತು 2.00 ‘ಈಕ್ವಲ್ಸ್’ ಪ್ರಕಾರ ಸಮವಲ್ಲ, ಹೋಲಿಸಲು ‘ಕಂಪೇರ್ ಟು’ ಬೇಕು ಎಂಬುದನ್ನೂ ಹೇಳಬೇಕು.

ಭದ್ರತೆಗೆ ಪ್ರತ್ಯೇಕ ಅಧ್ಯಾಯ ಇಟ್ಟರೆ ಅದು ಕೊನೆಯ ವಾರಕ್ಕೆ ಜಾರಿ, ಸಮಯವಿಲ್ಲವೆಂದು ಬಿಟ್ಟೇ ಹೋಗುತ್ತದೆ. ಪ್ರತಿ ಪುಟದ ಜೊತೆಗೇ ಅದು ಬರಲಿ. ಹುಡುಕುವ ಪೆಟ್ಟಿಗೆ ಬರೆದ ದಿನವೇ ಅದರಲ್ಲಿ ಒಂಟಿ ಉದ್ಧರಣ ಚಿಹ್ನೆ ಹಾಕಿ ಎಸ್‌ಕ್ಯುಎಲ್ ಒಡೆದು, ಬಳಕೆದಾರರ ಬರಹವನ್ನು ಎಸ್‌ಕ್ಯುಎಲ್ ಆದೇಶದಿಂದ ಬೇರೆಯಾಗಿ ಕಳಿಸುವ ‘ಪ್ರಿಪೇರ್ಡ್ ಸ್ಟೇಟ್‌ಮೆಂಟ್’ ಬಳಸಿ ತಿದ್ದಿಸಬೇಕು. ಲಾಗಿನ್ ಮುಗಿದ ದಿನವೇ ವಿಳಾಸದಲ್ಲಿರುವ ಆರ್ಡರ್ ಸಂಖ್ಯೆ 41ನ್ನು 42 ಮಾಡಿ ಬೇರೆಯವರ ಆರ್ಡರ್ ತೆರೆಯುತ್ತದೆಯೇ ನೋಡಿಸಬೇಕು. ಲಾಗಿನ್ ಆದವರೆಲ್ಲ ಎಲ್ಲವನ್ನೂ ನೋಡಬಹುದು ಎಂಬಂತೆ ಬರೆದ ಕೋಡ್ ಕಲಿಕೆಯ ಪ್ರಾಜೆಕ್ಟುಗಳಲ್ಲಿ ತುಂಬಿಹೋಗಿದೆ. ಇತರರ ಲೈಬ್ರರಿಗಳ ಬಗ್ಗೆಯೂ ಒಂದು ಅವಧಿ ಬೇಕು. 2021ರ ಡಿಸೆಂಬರಿನಲ್ಲಿ ಲಾಗ್ ಬರೆಯುವ ಲೈಬ್ರರಿ ಲಾಗ್4ಜೆ 2ರ ಭದ್ರತಾ ದೋಷ ಬಯಲಾದಾಗ ತಮ್ಮ ಅಪ್ಲಿಕೇಶನ್ನಿನಲ್ಲಿ ಆ ಲೈಬ್ರರಿ ಇದೆಯೋ ಇಲ್ಲವೋ ಎಂಬುದೇ ಹಲವು ತಂಡಗಳಿಗೆ ತಿಳಿದಿರಲಿಲ್ಲ. ಅದು ಬೇರೊಂದು ಲೈಬ್ರರಿಯ ಬೆನ್ನಿಗೆ ಬಂದಿರುತ್ತಿತ್ತು. ಮೇವನ್‌ನ ಡಿಪೆಂಡೆನ್ಸಿ ಟ್ರೀ ಆದೇಶ ಓಡಿಸಿ, ಯಾವುದರ ಹಿಂದೆ ಯಾವುದು ಬಂದಿದೆ ಎಂದು ಪಟ್ಟಿ ಮಾಡಿಸುವುದು ಅರ್ಧ ಗಂಟೆಯ ಕೆಲಸ.

ಟೆಸ್ಟ್ ಬರೆಸುವವರು ಎಚ್2ನಂಥ ಮೆಮೊರಿ ಡೇಟಾಬೇಸಿಗೆ ನಿಲ್ಲಬಾರದು. ಅಲ್ಲಿ ಪಾಸಾದ ಪ್ರಶ್ನೆ ಪೋಸ್ಟ್‌ಗ್ರೆಸ್‌ನಲ್ಲಿ ಬೀಳಬಹುದು. ಟೆಸ್ಟ್‌ಕಂಟೇನರ್ಸ್ ಬಳಸಿದರೆ ಡಾಕರ್ (ತಂತ್ರಾಂಶವನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿಟ್ಟು ಓಡಿಸುವ ಉಪಕರಣ) ಮೂಲಕ ನಿಜವಾದ ಪೋಸ್ಟ್‌ಗ್ರೆಸ್ಸೇ ಟೆಸ್ಟಿನ ಹೊತ್ತಿಗೆ ಎದ್ದು ನಿಲ್ಲುತ್ತದೆ. ಇನ್ನೊಂದು ಎಚ್ಚರ: ಟೆಸ್ಟ್ ಮೆಥಡ್ಡಿನ ಮೇಲೇ ಟ್ರಾನ್ಸಾಕ್ಷನಲ್ ಎಂದು ಹಾಕಿದರೆ ಹೈಬರ್ನೇಟಿನ ಸೆಷನ್ (ಡೇಟಾಬೇಸಿನ ಜೊತೆಗಿನ ಮಾತುಕತೆ) ಕೊನೆತನಕ ತೆರೆದಿದ್ದು, ಲೇಜಿ ಸಂಬಂಧಗಳ ದೋಷ ಟೆಸ್ಟಿನಲ್ಲಿ ಕಾಣದೆ ಸರ್ವರಿನಲ್ಲಿ ಕಾಣುತ್ತದೆ.

ನಿಯೋಜನೆಯ ಭಾಗವನ್ನು ಕೋರ್ಸುಗಳು ಸಾಮಾನ್ಯವಾಗಿ ಹಾರಿಸಿಬಿಡುತ್ತವೆ. 512 ಎಂಬಿ ಮೆಮೊರಿಯ ಕಂಟೇನರಿನಲ್ಲಿ ಅಪ್ಲಿಕೇಶನ್ ಓಡಿಸಿ ನೋಡಲಿ. ಬೇರೆ ಹೇಳದಿದ್ದರೆ ಜೆವಿಎಂ (ಜಾವಾ ಕೋಡ್ ಓಡಿಸುವ ತಂತ್ರಾಂಶ) ಹೀಪಿಗೆ, ಅಂದರೆ ಆಬ್ಜೆಕ್ಟುಗಳನ್ನಿಡುವ ಜಾಗಕ್ಕೆ, ತೆಗೆದುಕೊಳ್ಳುವುದು ಸುಮಾರು ಕಾಲು ಭಾಗ, ಅಂದರೆ 128 ಎಂಬಿ. ಮೆಮೊರಿ ಸಾಲದೆ ಬಿದ್ದಾಗ ಕಂಟೇನರ್ ದೊಡ್ಡದು ಮಾಡುವ ಮೊದಲು, ಹೀಪಿನ ಪಾಲು ನಿಗದಿಮಾಡುವ ‘ಮ್ಯಾಕ್ಸ್ ರ‍್ಯಾಮ್ ಪರ್ಸೆಂಟೇಜ್’ ನೋಡುವುದನ್ನು ಕಲಿಯಲಿ. ಅದನ್ನು ತೊಂಬತ್ತಕ್ಕೆ ಏರಿಸಿದರೆ ಹೀಪಿನ ಹೊರಗಿರುವ ಥ್ರೆಡ್ ಸ್ಟ್ಯಾಕ್, ಮೆಟಾಸ್ಪೇಸ್‌ಗಳಿಗೆ ಜಾಗ ಸಾಲದೆ ಕಂಟೇನರನ್ನೇ ವ್ಯವಸ್ಥೆ ಕೊಂದುಹಾಕಬಹುದು, ಅದನ್ನೂ ನೋಡಲಿ. ಡೇಟಾಬೇಸಿನ ಪಾಸ್‌ವರ್ಡ್ ಗಿಟ್‌ಗೆ ಸೇರಬಾರದು. ಸೇರಿದ ಮೇಲೆ ಕಡತ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ (ಗಿಟ್ ಇಟ್ಟ ಹಿಂದಿನ ಬದಲಾವಣೆಯ ದಾಖಲೆಯಲ್ಲಿ) ಅದು ಇದ್ದೇ ಇರುತ್ತದೆ, ಪಾಸ್‌ವರ್ಡನ್ನೇ ಬದಲಿಸಬೇಕು. ಇಷ್ಟು ಗಟ್ಟಿಯಾಗದೆ ಮೈಕ್ರೋಸರ್ವಿಸ್ (ಒಂದನ್ನು ಹಲವು ಸಣ್ಣ ಅಪ್ಲಿಕೇಶನ್‌ಗಳಾಗಿ ಒಡೆಯುವುದು), ಕುಬರ್ನೆಟಿಸ್ (ಹಲವು ಕಂಟೇನರುಗಳನ್ನು ನಿಭಾಯಿಸುವ ವ್ಯವಸ್ಥೆ) ಎಂದು ಪಠ್ಯಕ್ರಮ ಉದ್ದ ಮಾಡುವುದನ್ನು ನಾವು ಒಪ್ಪುವುದಿಲ್ಲ. ಒಂದು ಅಪ್ಲಿಕೇಶನ್ನಿನ ಒಂದು ಟ್ರಾನ್ಸಾಕ್ಷನ್ ಹಿಡಿತಕ್ಕೆ ಬರದವರಿಗೆ ಆರು ಅಪ್ಲಿಕೇಶನ್ ಕೊಟ್ಟು ಪ್ರಯೋಜನವಿಲ್ಲ.

ಕಲಿಸುವ ಕ್ರಮದ ಬಗ್ಗೆ ಎರಡು ಮಾತು. ದಿನಕ್ಕೆ ಒಂದು ಗಂಟೆ ವಿವರಣೆ ಸಾಕು, ಉಳಿದದ್ದು ಕೈಕೆಲಸ. ತರಬೇತುದಾರರ ನಿಜವಾದ ಸಿದ್ಧತೆ ಸ್ಲೈಡುಗಳಲ್ಲಿಲ್ಲ, ಒಂದೊಂದೇ ದೋಷವನ್ನು ಹುದುಗಿಸಿಟ್ಟ ಗಿಟ್ ಬ್ರಾಂಚುಗಳಲ್ಲಿ, ಅಂದರೆ ಕೋಡಿನ ಕವಲುಗಳಲ್ಲಿ, ಇದೆ. ಇಂಥ ಇಪ್ಪತ್ತು ಬ್ರಾಂಚು ಇದ್ದರೆ ಒಂದು ಒಳ್ಳೆಯ ಕೋರ್ಸ್ ನಡೆಯುತ್ತದೆ. ಯಾರಾದರೂ ಸಿಕ್ಕಿಹಾಕಿಕೊಂಡರೆ ಅವರ ಕೀಬೋರ್ಡ್ ಕಸಿದುಕೊಂಡು ತಿದ್ದಿಕೊಡುವ ಬದಲು ಸ್ಟ್ಯಾಕ್ ಟ್ರೇಸಿನ (ದೋಷ ಎಲ್ಲಿಂದ ಬಂತು ಎಂಬ ಪಟ್ಟಿಯ) ಕೊನೆಯ ‘ಕಾಸ್ಡ್ ಬೈ’ ಸಾಲನ್ನು ಗಟ್ಟಿಯಾಗಿ ಓದಲು ಹೇಳಬೇಕು. ಕಾರಣ ಬಹುಪಾಲು ಅಲ್ಲೇ ಇರುತ್ತದೆ, ಹೊಸಬರು ಮೇಲಿನ ನಾಲ್ಕು ಸಾಲು ಓದಿ ನಿಲ್ಲಿಸುತ್ತಾರೆ. ಎಐ ಸಹಾಯಕಗಳನ್ನು ನಿಷೇಧಿಸುವ ಅಗತ್ಯವಿಲ್ಲ. ಅವು ಕೊಟ್ಟ ತಿದ್ದುಪಡಿ ಏಕೆ ಕೆಲಸ ಮಾಡಿತು ಎಂದು ವಿವರಿಸಿದ ಮೇಲೆ, ಆ ದೋಷ ಮರುಕಳಿಸಿದರೆ ಬೀಳುವ ಟೆಸ್ಟ್ ಒಂದನ್ನು ಬರೆದು ತೋರಿಸಿದ ಮೇಲೆ ಮಾತ್ರ ಅಭ್ಯಾಸ ಮುಗಿಯಿತು ಎನ್ನಬೇಕು. ಕೊನೆಯ ಪರೀಕ್ಷೆಯೂ ಹಾಗೆಯೇ ಇರಲಿ: ಹಿಂದೆಂದೂ ನೋಡದ ಅಪ್ಲಿಕೇಶನ್, ಅದರ ಲಾಗ್, ಬಳಕೆದಾರರ ಒಂದು ದೂರು, ಮೂರು ಗಂಟೆ ಸಮಯ.

ಸೇರುವ ಮೊದಲು ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಯಾವ ಜಾವಾ, ಯಾವ ಸ್ಪ್ರಿಂಗ್ ಬೂಟ್ ಆವೃತ್ತಿ? ಅಭ್ಯಾಸದ ಡೇಟಾಬೇಸಿನಲ್ಲಿ ಎಷ್ಟು ಸಾಲುಗಳಿವೆ? ನಾನು ಬರೆದ ಕೋಡನ್ನು ಸಾಲುಸಾಲಾಗಿ ಓದಿ ಅಭಿಪ್ರಾಯ ಬರೆಯುವವರು ಯಾರು? ಹಿಂದಿನ ತಂಡದ ನಾಲ್ಕೈದು ಪ್ರಾಜೆಕ್ಟುಗಳ ಗಿಟ್ ಇತಿಹಾಸ ತೋರಿಸುವಂತೆಯೂ ಕೇಳಿ. ಎಲ್ಲರ ಕಮಿಟ್‌ಗಳೂ ಒಂದೇ ದಿನದ್ದು, ಒಂದೇ ಒಕ್ಕಣೆಯದು, ಒಂದೇ ಕಡತಗಳದ್ದಾಗಿದ್ದರೆ ಅಲ್ಲಿ ಪ್ರೊಜೆಕ್ಟರ್ ನೋಡಿ ಬರೆಸಿದ್ದಾರೆ. ತಪ್ಪು ಮಾಡಿದ ಕಮಿಟ್, ಅದನ್ನು ಹುಡುಕಿದ ಟೆಸ್ಟ್, ತಿದ್ದಿದ ಕಮಿಟ್ ಬೇರೆ ಬೇರೆಯಾಗಿ ಕಂಡರೆ ಅಲ್ಲಿಗೆ ಸೇರಬಹುದು.

ಇತಿ ತಮ್ಮ ವಿಶ್ವಾಸಿಗಳು,
ಜಾವಾ ತರಬೇತುದಾರರ ಬಳಗ